ಎನ್‌ಕಂಬ್ರೆನ್ಸ್ ಮತ್ತು ಋಣ

ರಾಜಾಜಿನಗರದಿಂದ ಕೆಂಗೇರಿಯವರೆಗೆ ಮನೆ, ನಿವೇಶನ ಕೊಳ್ಳಹೊರಟವರೆಲ್ಲರೂ ಕೇಳಿಸಿಕೊಳ್ಳುವ ಪ್ರಶ್ನೆಯೊಂದಿದೆ: ‘ಇ.ಸಿ. ತೆಗೆಸಿದಿರಾ?’ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್ ಎಂಬುದರ ಹ್ರಸ್ವರೂಪವಿದು. ಬಸವೇಶ್ವರನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ದೂರವಾಣಿ ಮಾಡಿ, ‘ಮೇಷ್ಟ್ರೇ, ಆ ಪದದ ನಿಜವಾದ ಅರ್ಥವೇನು?’ ಎಂದು ಕೇಳಿದರು. ಇಂಗ್ಲಿಷ್ ಪಾಠ ಹೇಳಿದವನಿಗೆ ನಿವೃತ್ತಿಯ ನಂತರವೂ ಇಂಥ ಪ್ರಶ್ನೆ ಬರುವುದು ಸಂತೋಷವೇ.

ಈ ಪದದ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಅಲ್ಲಿ ಅದು ದಾರಿಗೆ ಅಡ್ಡಿಯಾಗುವುದು, ತಡೆಯೊಡ್ಡುವುದು ಎಂಬ ಅರ್ಥದ ಕ್ರಿಯಾಪದ. ಹೊತ್ತು ನಡೆಯಲಾಗದ ಸಾಮಾನಿಗೆ ಹೇಳುವ ‘ಕಂಬರ್ಸಮ್’ ಇದರ ನೆಂಟ. ‘ಇನ್‌ಕಂಬೆಂಟ್’ ಮಾತ್ರ ಕೇಳಲು ಹತ್ತಿರವಾದರೂ ಬೇರೆ ಮನೆತನದ್ದು. ಅದು ಲ್ಯಾಟಿನ್ನಿನಿಂದ ಬಂದದ್ದು.

ಆಸ್ತಿಯ ವ್ಯವಹಾರದಲ್ಲಿ ಎನ್‌ಕಂಬ್ರೆನ್ಸ್ ಎಂದರೆ ಸ್ವತ್ತಿನ ಮೇಲಿರುವ ಅಡಮಾನ ಮುಂತಾದ ಹೊರೆ. ನಮ್ಮಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಬರುವ ಪತ್ರದಲ್ಲಿ ವ್ಯವಹಾರಗಳು ನಮೂದಾಗಿದ್ದರೆ ಅದು ನಮೂನೆ ೧೫. ಕೇಳಿದ ಅವಧಿಯಲ್ಲಿ ಏನೂ ಇಲ್ಲದಿದ್ದರೆ ನಮೂನೆ ೧೬. ನಮೂನೆ ೧೫ನ್ನು ಕಂಡೊಡನೆ ಗಾಬರಿಪಡಬೇಕಿಲ್ಲ. ಸರಿಯಾದ ಕ್ರಯಪತ್ರವೂ ಅದರಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆದರೆ ನೋಂದಣಿಯಾಗದ ಕರಾರಾಗಲಿ, ಬಾಯಿಮಾತಿನ ಭರವಸೆಯಾಗಲಿ ಎರಡರಲ್ಲಿಯೂ ಕಾಣದು.

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಗೆಲಸದವರು ಬೇಕೆಂಬ ಜಾಹೀರಾತುಗಳಲ್ಲಿ ‘ಎನ್‌ಕಂಬ್ರೆನ್ಸ್ ಇಲ್ಲದವರು’ ಎಂದು ಅಚ್ಚಾಗುತ್ತಿತ್ತು. ಅದರ ಅರ್ಥ, ಮಕ್ಕಳಿಲ್ಲದವರು! ಹೊರೆಯೆಂಬ ಪದ ಹೀಗೆ ಮನುಷ್ಯರ ಮೇಲೂ ಕುಳಿತಿತು.

ನಮ್ಮ ಸರ್ಕಾರಿ ಕನ್ನಡ ಇದನ್ನು ‘ಋಣಭಾರ’ ಎಂದಿತು. ಭಾರ ಸರಿ, ಋಣ ಎಂಬುದು ಮಾತ್ರ ಎಷ್ಟು ದೊಡ್ಡ ಪದ! ಅನ್ನದ ಋಣ, ತಾಯಿಯ ಋಣ, ಋಣಾನುಬಂಧ ಎನ್ನುತ್ತೇವೆ. ಬಾಡಿಗೆ ಮನೆ ಬಿಡುವಾಗಲೂ ‘ಇಲ್ಲಿಯ ಋಣ ತೀರಿತು’ ಎಂದು ಕಣ್ಣೊರೆಸಿಕೊಳ್ಳುತ್ತೇವೆ. ಅಡಮಾನದ ಹೊರೆ ಸ್ವತ್ತಿಗೆ ಅಂಟಿಕೊಂಡು ಕೊಂಡವರ ತಲೆಗೆ ಬರುತ್ತದೆ. ಋಣವಾದರೋ ಮನುಷ್ಯನಿಗೇ ಅಂಟಿದ್ದು. ಮನೆ ಮಾರಿದರೂ ಬಿಡದು.

ಇದನ್ನು ಬರೆಯಲು ಕಾರಣವಿದೆ. ವಿಜಯನಗರದಲ್ಲಿ ನಮಗೆ ಪರಿಚಿತರಾದ ಹಿರಿಯ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟರು. ‘ಕೊನೆಯವರೆಗೆ ನೋಡಿಕೊಳ್ಳಬೇಕೆಂದು ಬರೆಸಿ’ ಎಂದು ನಾನು ಹೇಳಿದಾಗ, ‘ಹೆತ್ತ ಮಗನಿಗೆ ಷರತ್ತು ಹಾಕುವುದೇ ಮೇಷ್ಟ್ರೇ?’ ಎಂದು ನಕ್ಕರು. ಆಮೇಲೆ ಮಗ ಮನೆ ಮಾರಲು ಹೊರಟಾಗ ಇ.ಸಿ. ನಿರ್ಮಲವಾಗಿತ್ತು. ಹಿಂದಿನ ಕೋಣೆಯಲ್ಲಿದ್ದ ತಾಯಿ ಯಾವ ನಮೂನೆಯಲ್ಲಿಯೂ ಇರಲಿಲ್ಲ. ಈಗ ಅವರು ಕೆಂಗೇರಿಯ ಮಗಳ ಮನೆಯಲ್ಲಿದ್ದಾರೆ. ಮಗನ ವಿಷಯವಾಗಿ ಒಂದು ಮಾತನ್ನೂ ಆಡುವುದಿಲ್ಲ.

ಪೋಷಕರ ಹಾಗೂ ಹಿರಿಯ ನಾಗರಿಕರ ರಕ್ಷಣೆಗಾಗಿ ೨೦೦೭ರಲ್ಲಿ ಬಂದ ಕಾಯ್ದೆಯ ೨೩ನೆಯ ಕಲಮನ್ನು ನನ್ನ ವಯಸ್ಸಿನವರು ತಿಳಿದಿರಬೇಕು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಕೊಟ್ಟ ಆಸ್ತಿಯನ್ನು ಪಡೆದವರು ಆ ಷರತ್ತನ್ನು ನಡೆಸದಿದ್ದರೆ, ನ್ಯಾಯಮಂಡಳಿ ಆ ವರ್ಗಾವಣೆಯನ್ನೇ ಅನೂರ್ಜಿತವೆಂದು ಸಾರಬಹುದು. ಷರತ್ತು ಪತ್ರದಲ್ಲಿಯೇ ಬರೆದಿದ್ದರೆ ತೋರಿಸುವುದು ಸುಲಭ.

ಆದ್ದರಿಂದ ದಾನಪತ್ರ ಮಾಡುವ ಬಂಧುಗಳು ಆ ಒಂದು ವಾಕ್ಯವನ್ನು ಸಂಕೋಚವಿಲ್ಲದೆ ಬರೆಸಿರಿ. ಪಡೆಯುವ ಮಕ್ಕಳೂ ಬೇಸರಿಸಬೇಡಿರಿ. ಬರೆಯದಿದ್ದರೂ ನೀವು ನಡೆಸಬೇಕಾದದ್ದೇ ಅದು.