ಅಪ್ಪನ ಬಾಣಲೆಯ ಎಣ್ಣೆ

ಕರಿದುಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದು ನನ್ನ ಪಿಎಚ್.ಡಿ. ಕೆಲಸ. ಈ ಸಲ ಊರಿಂದ, ಅಪ್ಪನ ಬಜ್ಜಿ ಅಂಗಡಿಯದೇ ಒಂದು ಕ್ಯಾನು ತಂದೆ. ಮೆಥನಾಲ್, ಕಾಸ್ಟಿಕ್ ಸೋಡಾ ಬೆರೆಸಿ 60 ಡಿಗ್ರಿಯಲ್ಲಿ ಕಲಕಿದೆ. ಗ್ಲಿಸರಿನ್ ತಳಕ್ಕಿಳಿದು ಬಯೋಡೀಸೆಲ್ ಮೇಲೆ ತಿಳಿಯಾಗಿ ನಿಲ್ಲಬೇಕಿತ್ತು. ನಿಂತದ್ದು ಸಾಬೂನಿನ ಗಂಜಿ. ಎಣ್ಣೆ ಮತ್ತೆ ಮತ್ತೆ ಕಾದಷ್ಟೂ ಅದರಲ್ಲಿ ಆಮ್ಲ ಹೆಚ್ಚುತ್ತದೆ, ಸೋಡಾ ಸೇರಿದರೆ ಸಾಬೂನಾಗುತ್ತದೆ. ಮೊದಲೇ ಟೈಟ್ರೇಶನ್ ಮಾಡಬೇಕಿತ್ತು. ಅಪ್ಪನ ಎಣ್ಣೆಯಲ್ಲವೇ ಅಂತ ಬಿಟ್ಟಿದ್ದೆ.

ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯಲ್ಲಿ ಕರಿಯಬಾರದೆಂದು 2018ರಿಂದ ನಿಯಮವಿದೆ. ನನ್ನ ಸಿನಾಪ್ಸಿಸ್‌ನ ಮೊದಲ ಪುಟದಲ್ಲೇ ಅದಿದೆ.

ಸಂಜೆ ಅಪ್ಪನ ಫೋನು. "ಏನಮ್ಮಾ, ನಮ್ಮೆಣ್ಣೆಗೆ ಗಾಡಿ ಓಡ್ತಾ?"

ನನ್ನ ಡಿಗ್ರಿ ಫೀಸು ಹುಟ್ಟಿದ್ದು ಅದೇ ಎಣ್ಣೆಯಲ್ಲಿ.

"ಎಷ್ಟು ದಿನದ್ದಪ್ಪಾ ಅದು?" ಎಂದೆ.

ಸ್ವಲ್ಪ ಹೊತ್ತು ಬಾಣಲೆಯ ಸದ್ದಷ್ಟೇ ಕೇಳಿಸಿತು.