ಶರಾವತಿ ದಂಡೆಯ 28 ಯೂನಿಟ್

ಸಾಗರ ತಲುಪಿದಾಗ ಸಂಜೆ ಆರು. ಕಾರಿನ ಬ್ಯಾಟರಿಯಲ್ಲಿ ಉಳಿದದ್ದು ಶೇ. 19. ಮೊಬೈಲಿನಲ್ಲಿ ಹಸಿರು ಚುಕ್ಕಿಯಾಗಿ ಕಾಣುತ್ತಿದ್ದ ಚಾರ್ಜಿಂಗ್ ಸ್ಟೇಷನ್ ಹುಡುಕಿ ಹೋದರೆ ಯಂತ್ರದ ಪರದೆ ಕಪ್ಪಾಗಿತ್ತು. ಅದರ ಮೇಲಿದ್ದ ನಂಬರಿಗೆ ನಾಲ್ಕು ಸಲ ಫೋನಾಯಿಸಿದೆ, ಯಾರೂ ಎತ್ತಲಿಲ್ಲ. ಯಂತ್ರ ಕೆಡುವುದು ಸಹಜ. ಕೆಟ್ಟದ್ದನ್ನು ಸರಿಯಿದೆ ಎಂದು ತೋರಿಸಿ ದಾರಿಹೋಕರನ್ನು ಕರೆಸಿಕೊಳ್ಳುವುದು ಮೋಸ. ಎಲೆಕ್ಟ್ರಿಕ್ ಕಾರು ಕೊಂಡವರ ದೊಡ್ಡ ಸಂಕಟ ಇದೇ.

ಬೆಂಗಳೂರಿನಿಂದ ಅಲ್ಲಿಯವರೆಗಿನ ಸುಮಾರು 370 ಕಿ.ಮೀ. ಸುಖವಾಗಿಯೇ ಕಳೆದಿತ್ತು. ಎಂಜಿನ್ ಸದ್ದಿಲ್ಲ, ಗೇರಿನ ಗೋಜಿಲ್ಲ. ನಡುವೆ ಒಂದೇ ಕಡೆ 50 ನಿಮಿಷ ನಿಂತು ಚಾರ್ಜ್ ಮಾಡಿಕೊಂಡಿದ್ದೆ. ಮನೆಯಲ್ಲಿ ಯೂನಿಟ್ಟಿಗೆ ಆರೇಳು ರೂಪಾಯಿಯಾದರೆ ಹೆದ್ದಾರಿಯಲ್ಲಿ 20ಕ್ಕೂ ಮೇಲೆ. ಆದರೂ ಪೆಟ್ರೋಲಿಗೆ ಹೋಲಿಸಿದರೆ ಉಳಿತಾಯವೇ.

ಸ್ಟೇಷನ್ ಕೈಕೊಟ್ಟ ಮೇಲೆ ಗೆಳೆಯರೊಬ್ಬರ ಪರಿಚಯದವರ ಮನೆಗೆ ಹೋದೆ. ಅದು ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನ ದಾರಿಯಲ್ಲಿತ್ತು. ಎಪ್ಪತ್ತು ದಾಟಿದ ಅಜ್ಜ ಅಂಗಳಕ್ಕೆ ಬಂದು ಕಾರಿಗೊಂದು ಸುತ್ತು ಹಾಕಿದರು. ವಾಷಿಂಗ್ ಮೆಷಿನ್ನಿಗೆಂದು ಹಾಕಿಸಿದ್ದ 15 ಆಂಪಿಯರ್ ಪ್ಲಗ್ಗಿಗೆ ನನ್ನ ವೈರು ಸಿಕ್ಕಿಸಿದರೆ ಕೆಂಪು ದೀಪ. ಅರ್ಥಿಂಗ್ ಸಾಲದು. ಬೇಸಿಗೆಯಲ್ಲಿ ನೆಲ ಒಣಗಿದಾಗ ಹಾಗಾಗುತ್ತದೆ. ಮೊಮ್ಮಗ ಹಿತ್ತಿಲಿಗೆ ಓಡಿ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಸುರಿದ. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು.

"ಇದಕ್ಕೆ ಎಣ್ಣೆ ಬೇಡ್ವಾ ತಮ್ಮಾ?"

"ಬೇಡ ಅಜ್ಜ, ಕರೆಂಟೇ ಸಾಕು."

"ಹಂಗಾರೆ ನಮ್ಮ ಹೊಳೆನೇ ನಿನ್ನ ಗಾಡಿ ಎಳಿತದೆ ಅನ್ನು."

ಊಟದ ಹೊತ್ತಿಗೆ ಹೊಳೆಯ ಉಳಿದ ಕತೆಯನ್ನೂ ಹೇಳಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಅವರು ಹನ್ನೆರಡರ ಹುಡುಗ. ಗದ್ದೆ, ಮನೆ, ದೇವರ ಬನ ಎಲ್ಲ ಒಳಗೆ ಹೋಯಿತು. "ನಮ್ಮನೆಗೆ ಕರೆಂಟು ಬರೋ ಹೊತ್ತಿಗೆ ಮಗಳ ಮದುವೆನೂ ಆಗಿತ್ತು. ಚಿಮಣಿ ಬುಡ್ಡಿ ಬೆಳಕಲ್ಲೇ ಧಾರೆ ಎರೆದದ್ದು" ಎಂದರು. ದನಿಯಲ್ಲಿ ಮುನಿಸಿರಲಿಲ್ಲ. ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ನಾಡನ್ನು ಬೆಳಗಿದೆ. ಅದಕ್ಕಾಗಿ ನೆಲ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಈಗಲೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿವೆ.

ಬೆಳಗಿನ ಜಾವ, ಕಾರು ಚಾರ್ಜಾಗುತ್ತಿರುವಾಗಲೇ, ಮೊಮ್ಮಗನ ಬೈಕಿನಲ್ಲಿ ಹಿನ್ನೀರಿನ ಕಡೆ ಹೋದೆವು. ನೀರು ತಳಕ್ಕಿಳಿದಿತ್ತು. ದೂರದಲ್ಲಿ ಹಿರೇಭಾಸ್ಕರ ಅಣೆಕಟ್ಟೆ ತಲೆ ಎತ್ತಿತ್ತು. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದು, ಲಿಂಗನಮಕ್ಕಿಯ ನೀರಲ್ಲೇ ಮುಳುಗಿದ್ದು. ಬಿರುಕುಬಿಟ್ಟ ಕೆಸರಿನ ನಡುವೆ ಅರವತ್ತು ವರ್ಷ ನೀರುಂಡ ಮರದ ಬೊಡ್ಡೆಗಳು ಕರ್ರಗೆ ನಿಂತಿದ್ದವು. "ನಮ್ಮ ಗದ್ದೆ ಆ ಕಡೆಗಂತೆ" ಎಂದು ಹುಡುಗ ನೀರಿನತ್ತ ಕೈ ತೋರಿಸಿದ. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.

ಈ ಕಾರು ಕೊಂಡಾಗ 'ಮಾಲಿನ್ಯವಿಲ್ಲದ ಗಾಡಿ' ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ನಮ್ಮ ಬೀದಿಯ ಮಕ್ಕಳು ನನ್ನ ಹೊಗೆ ಕುಡಿಯುವುದಿಲ್ಲ ಎಂಬುದು ಈಗಲೂ ನಿಜ, ಅದಕ್ಕಾಗಿ ಕಾರನ್ನು ಬಿಡಲಾರೆ. ಆದರೆ ಪ್ಲಗ್ಗಿನಾಚೆಗೆ ಎಲ್ಲೋ ಒಂದು ಊರು ಮುಳುಗಿರುತ್ತದೆ, ರಾಯಚೂರಿನಂಥ ಕಡೆ ಕಲ್ಲಿದ್ದಲು ಉರಿಯುತ್ತಿರುತ್ತದೆ. ಬ್ಯಾಟರಿಯ ಲಿಥಿಯಂ ಕೂಡ ಯಾರದೋ ನೆಲ ಅಗೆದು ತೆಗೆದದ್ದೇ. ಕರೆಂಟು ಅಗ್ಗವಾಗಿ ಸಿಗುತ್ತದೆಂದು ವೃಥಾ ಸುತ್ತಾಡುವ ಹಕ್ಕು ನನಗಿಲ್ಲ.

ಅಜ್ಜನ ಮನೆಗೆ ಮರಳಿ ಮೀಟರ್ ನೋಡಿದೆ: 28 ಯೂನಿಟ್. ಗೃಹಜ್ಯೋತಿಯ ಉಚಿತ ಯೂನಿಟ್ಟಿನ ಲೆಕ್ಕ ನನ್ನಿಂದಾಗಿ ಮೀರೀತೆಂದು ಮುನ್ನೂರು ರೂಪಾಯಿ ಮುಂದೆ ಹಿಡಿದೆ. ಅಜ್ಜ ಕೈ ಹಿಂದೆಳೆದುಕೊಂಡರು. "ನೀರು ಕೊಟ್ಟು ದುಡ್ಡು ಇಸ್ಕಳೋದುಂಟಾ?"

ಆಮೇಲೆ ಕೇಳಿದರು, "ಬೆಂಗಳೂರು ಮುಟ್ಟುವಷ್ಟು ಆಯ್ತಾ?"

"ಶಿವಮೊಗ್ಗ ದಾಟಬಹುದು ಅಜ್ಜ."

"ಹಂಗಾರೆ ವೈರು ಕೀಳಬೇಡ. ದೋಸೆ ಹುಯ್ತಿದಾರೆ, ತಿಂದ್ಕಂಡು ಹೊರಡು."