ಮಿಂಚು ಮಾಡಿದವನ ಹೆಸರು

ಪರದೆಯ ಮೇಲೆ ಹೆಸರುಗಳ ಪಟ್ಟಿ ಬಂತೆಂದರೆ ನಮ್ಮ ಚಿತ್ರಮಂದಿರಗಳಲ್ಲಿ ಯಾರೂ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಪಟ್ಟಿ ಸಿನಿಮಾದ ಆರಂಭದಲ್ಲಿದ್ದರೆ ಕತ್ತಲಲ್ಲಿ ಸೀಟು ಹುಡುಕುವ ಗಡಿಬಿಡಿ, ಕೊನೆಯಲ್ಲಿದ್ದರೆ ಕಾಲಿನಿಂದ ಚಪ್ಪಲಿ ತಡಕುವ ಗಡಿಬಿಡಿ. ನಾಯಕ, ನಾಯಕಿ, ನಿರ್ದೇಶಕ ಇಷ್ಟು ಗೊತ್ತಾದರೆ ಸಾಕು. ದೀಪ ಹಿಡಿದವರು, ಬಣ್ಣ ಬಳಿದವರು, ತಂತಿ ಎಳೆದವರು ಯಾರಾದರೇನು?

1931ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ ‘ಫ್ರಾಂಕೆನ್‌ಸ್ಟೈನ್’ ಎಂಬ ಭಯಾನಕ ಚಿತ್ರವನ್ನು ತೆಗೆಯಿತು. ನಿರ್ದೇಶಕ ಜೇಮ್ಸ್ ವೇಲ್. ಸತ್ತವರ ದೇಹದ ತುಂಡುಗಳನ್ನು ಹೊಲಿದು, ಸಿಡಿಲಿನ ಶಕ್ತಿ ಹರಿಸಿ, ವಿಜ್ಞಾನಿಯೊಬ್ಬ ಜೀವ ತರಿಸುವ ಕಥೆ. ಆ ಚಿತ್ರದಲ್ಲಿ ಜನ ಇಂದಿಗೂ ಮರೆಯದಿರುವುದು ಎರಡು ಸಂಗತಿ. ಒಂದು, ಚಪ್ಪಟೆ ತಲೆಯ ಆ ಜೀವಿಯ ಮುಖ. ಇನ್ನೊಂದು, ಅದಕ್ಕೆ ಜೀವ ಬರುವ ಪ್ರಯೋಗಾಲಯ. ತಂತಿ ಸುತ್ತಿದ ಕಂಬಗಳು, ತಿರುಗುವ ಚಕ್ರಗಳು, ಎರಡು ಸರಳುಗಳ ನಡುವೆ ಚಟಚಟನೆ ಮೇಲೇರುವ ಕಿಡಿ. ‘ಹುಚ್ಚು ವಿಜ್ಞಾನಿ’ಯ ಚಿತ್ರ ಬರೆಯಿರಿ ಎಂದರೆ ಇವತ್ತಿಗೂ ಮಕ್ಕಳು ಬರೆಯುವುದು ಹೆಚ್ಚುಕಡಿಮೆ ಆ ಕೋಣೆಯನ್ನೇ.

ಆ ಕೋಣೆಯ ಉಪಕರಣಗಳನ್ನು ಮಾಡಿದವನು ಕೆನೆತ್ ಸ್ಟ್ರಿಕ್‌ಫೇಡನ್. ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಅವನೊಬ್ಬನದೇ ಏಕೆ, ಈ ಕಥೆಗೂ ಹೆಸರಿಗೂ ಮೊದಲಿನಿಂದಲೂ ಕೂಡಿಬಂದಿಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಎಸೆದ ದೂಳು, ಅನಿಲಗಳು ಬಿಸಿಲನ್ನು ಮರೆಮಾಡಿ, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಕೂತಿದ್ದ ಗೆಳೆಯರಿಗೆ ಕವಿ ಬೈರನ್, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಅವರಲ್ಲಿ 18 ವರ್ಷದ ಮೇರಿ ಬರೆಯಲು ತೊಡಗಿದ್ದೇ ‘ಫ್ರಾಂಕೆನ್‌ಸ್ಟೈನ್’. 1818ರಲ್ಲಿ ಪುಸ್ತಕ ಅಚ್ಚಾದಾಗ ಅದರ ಮೇಲೆ ಲೇಖಕಿಯ ಹೆಸರಿರಲಿಲ್ಲ. ಮುನ್ನುಡಿ ಬರೆದಿದ್ದ ಗಂಡ, ಕವಿ ಷೆಲ್ಲಿಯೇ ಇದನ್ನೂ ಬರೆದಿರಬೇಕು ಎಂದುಕೊಂಡವರು ಹಲವರು. ಅವಳ ಹೆಸರು ಬಂದದ್ದು 1823ರ ಮುದ್ರಣದಲ್ಲಿ. 1931ರ ಸಿನಿಮಾದವರೂ ಅವಳನ್ನು ಕರೆದದ್ದು ‘ಶ್ರೀಮತಿ ಪರ್ಸಿ ಬಿ. ಷೆಲ್ಲಿ’ ಎಂದು! ಅದೇ ಸಿನಿಮಾದ ಆರಂಭದ ಪಟ್ಟಿಯಲ್ಲಿ ಆ ಜೀವಿಯ ಪಾತ್ರಧಾರಿಯ ಹೆಸರಿನ ಜಾಗದಲ್ಲಿ ಇದ್ದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ. ಬೋರಿಸ್ ಕಾರ್ಲಾಫ್ ಎಂಬ ಹೆಸರು ಕಾಣಿಸಿದ್ದು ಕೊನೆಯಲ್ಲಿ. ಕಥೆಯಲ್ಲಿ ಆ ಜೀವಿಗಾದರೂ ಹೆಸರಿದೆಯೇ? ಅದೂ ಇಲ್ಲ. ಫ್ರಾಂಕೆನ್‌ಸ್ಟೈನ್ ಎಂಬುದು ಅದನ್ನು ಮಾಡಿದ ವಿಜ್ಞಾನಿಯ ಹೆಸರು. ಜನ ಅದನ್ನೇ ಪಾಪದ ಜೀವಿಗೂ ಅಂಟಿಸಿಬಿಟ್ಟಿದ್ದಾರೆ.

ಕಥೆಯ ಬೇರಿನಲ್ಲಿ ಸ್ವಲ್ಪ ನಿಜವಾದ ವಿಜ್ಞಾನವೂ ಇದೆ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಜಿಗಿಯುವುದನ್ನು ಕಂಡು 1791ರಲ್ಲಿ ಪ್ರಕಟಿಸಿದ. ಅವನ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಅಪರಾಧಿಯೊಬ್ಬನ ಶವಕ್ಕೆ ಬ್ಯಾಟರಿಯ ತಂತಿ ತಾಗಿಸಿದ. ಶವದ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ನೋಡಿದವರ ಎದೆ ಒಡೆಯದೆ ಇದ್ದದ್ದೇ ಹೆಚ್ಚು. ಸ್ನಾಯುಗಳು ವಿದ್ಯುತ್ತಿಗೆ ಕುಗ್ಗುತ್ತವೆ, ಅಷ್ಟೇ. ಅದು ಜೀವ ಮರಳಿದ ಗುರುತಲ್ಲ. ಆದರೆ ಮೇರಿ ಷೆಲ್ಲಿಯ ಪುಸ್ತಕದಲ್ಲಿ ಇಂಥ ದೊಡ್ಡ ವಿದ್ಯುತ್ ಕೋಣೆಯ ವರ್ಣನೆಯೇ ಇಲ್ಲ. ಕಿಡಿಯ ಒಂದು ಸೂಚನೆ ಕೊಟ್ಟು ಅವಳು ಮುಂದೆ ಹೋಗುತ್ತಾಳೆ. ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಆ ಪ್ರಯೋಗಾಲಯದಲ್ಲಿ ದೊಡ್ಡ ಪಾಲು ಸ್ಟ್ರಿಕ್‌ಫೇಡನ್ ಎಂಬ ಎಲೆಕ್ಟ್ರಿಷಿಯನ್ನನದು.

ಅವನು ಹುಟ್ಟಿದ್ದು 1896ರಲ್ಲಿ, ಅಮೆರಿಕದ ಮೊಂಟಾನಾ ರಾಜ್ಯದಲ್ಲಿ. ಸಿನಿಮಾ ಸೇರಿದ ಮೇಲೆ ಅವನ ಕಸುಬು ಒಂದೇ, ಕಿಡಿ ಹಾರಿಸುವುದು. ಚಳಿಗಾಲದಲ್ಲಿ ನೈಲಾನ್ ಅಂಗಿ ಬಿಚ್ಚುವಾಗ ಚಟಪಟ ಎನ್ನುವುದನ್ನು ಎಲ್ಲರೂ ಕೇಳಿರುತ್ತೀರಿ. ಗಾಳಿ ಒಳ್ಳೆಯ ವಿದ್ಯುತ್ ನಿರೋಧಕ. ಅದನ್ನು ಸೀಳಿ ಒಂದು ಸೆಂಟಿಮೀಟರ್ ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟ್ ಬೇಕು. ಮನೆಗೆ ಬರುವುದು 230. ಸ್ಟ್ರಿಕ್‌ಫೇಡನ್ ಟೆಸ್ಲಾ ಸುರುಳಿಗಳಿಂದ ವೋಲ್ಟೇಜನ್ನು ಲಕ್ಷಗಳಿಗೆ ಏರಿಸುತ್ತಿದ್ದ. ಮೇಲೇರುವ ಕಿಡಿಯ ಗುಟ್ಟು ಇನ್ನೂ ಸರಳ. ಎರಡು ಸರಳುಗಳನ್ನು ಕೆಳಗೆ ಹತ್ತಿರ, ಮೇಲೆ ದೂರ ಇರುವಂತೆ ನಿಲ್ಲಿಸಬೇಕು. ಅತಿ ಹತ್ತಿರವಿರುವಲ್ಲಿ ಮೊದಲು ಕಿಡಿ ಹಾರುತ್ತದೆ. ಅದರಿಂದ ಕಾದ ಗಾಳಿ ಮೇಲೇರುವಾಗ ಕಿಡಿಯನ್ನೂ ಜೊತೆಗೆ ಕರೆದೊಯ್ಯುತ್ತದೆ. ತುದಿಯಲ್ಲಿ ಅಂತರ ಹೆಚ್ಚಾಗಿ ಕಿಡಿ ಹರಿದು, ಮತ್ತೆ ಕೆಳಗೆ ಹೊಸದು ಹುಟ್ಟುತ್ತದೆ. (ಮಕ್ಕಳೇ, ಇದನ್ನು ಓದಿ ತಿಳಿಯಿರಿ, ಮನೆಯಲ್ಲಿ ಮಾಡಲು ಹೋಗಬೇಡಿ. ಇದು ಪ್ರಾಣ ತೆಗೆಯುವ ಆಟ.)

ಅವನೂ ಏಟು ತಿಂದವನೇ. 1932ರ ‘ದಿ ಮಾಸ್ಕ್ ಆಫ್ ಫೂ ಮಾಂಚು’ ಚಿತ್ರದಲ್ಲಿ ಕಿಡಿಯ ದೃಶ್ಯಕ್ಕೆ ಕಾರ್ಲಾಫ್‌ನ ಬದಲು ತಾನೇ ವೇಷ ಹಾಕಿ ನಿಂತು, ವಿದ್ಯುತ್ ಹೊಡೆತಕ್ಕೆ ಉರುಳಿಬಿದ್ದಿದ್ದ. ಮುಂದೆ ಎಷ್ಟೋ ಚಿತ್ರಗಳಿಗೆ ಕಿಡಿ ಒದಗಿಸಿದ. ಶಾಲೆ ಕಾಲೇಜುಗಳಿಗೆ ಪೆಟ್ಟಿಗೆ ಹೊತ್ತು ಹೋಗಿ ವಿದ್ಯುತ್ತಿನ ಪ್ರಾತ್ಯಕ್ಷಿಕೆ ತೋರಿಸಿದ. ಹಳೆಯ ಯಂತ್ರಗಳನ್ನು ಮಾತ್ರ ಗುಜರಿಗೆ ಹಾಕಲಿಲ್ಲ. ಸಾಂತಾ ಮೋನಿಕಾದ ತನ್ನ ಮನೆಯ ಗ್ಯಾರೇಜಿನಲ್ಲಿ ಪೇರಿಸಿಟ್ಟ.

ಅವು ಅಲ್ಲಿಂದ ಹೊರಬಂದದ್ದು ನಗೆಯ ಸಿನಿಮಾಕ್ಕಾಗಿ.

ನಟ ಜೀನ್ ವೈಲ್ಡರ್ ಹಳದಿ ಕಾಗದದ ಪ್ಯಾಡಿನ ಮೇಲೆ ‘ಯಂಗ್ ಫ್ರಾಂಕೆನ್‌ಸ್ಟೈನ್’ ಎಂದು ತಲೆಬರಹ ಬರೆದುಕೊಂಡು ಕೂತಿದ್ದ. ಹಳೆಯ ವಿಜ್ಞಾನಿಯ ಮೊಮ್ಮಗನೊಬ್ಬ ವೈದ್ಯಕೀಯ ಕಾಲೇಜಿನಲ್ಲಿ ಮೇಷ್ಟ್ರು. ಅಜ್ಜನ ಹೆಸರು ಕೇಳಿದರೇ ಅವನಿಗೆ ನಾಚಿಕೆ. ತನ್ನ ಹೆಸರನ್ನು ‘ಫ್ರಾಂಕೆನ್‌ಸ್ಟೈನ್’ ಎನ್ನಬೇಡಿ, ‘ಫ್ರೋಂಕನ್‌ಸ್ಟೀನ್’ ಎನ್ನಿ ಎಂದು ಎಲ್ಲರನ್ನೂ ತಿದ್ದುತ್ತಾನೆ. ಕೊನೆಗೆ ಅಜ್ಜನ ಕೋಟೆಗೆ ಹೋಗಿ ಅಜ್ಜ ಮಾಡಿದ್ದನ್ನೇ ಮಾಡುತ್ತಾನೆ. ವೈಲ್ಡರನ ಏಜೆಂಟ್ ಮೈಕ್ ಮೆಡವಾಯ್, ಪೀಟರ್ ಬಾಯ್ಲ್ ಮತ್ತು ಮಾರ್ಟಿ ಫೆಲ್ಡ್‌ಮನ್ ಜೊತೆ ಒಂದು ಚಿತ್ರ ಮಾಡು ಎಂದು ಸಲಹೆ ಕೊಟ್ಟ. ಅವರಿಬ್ಬರೇ ಏಕೆ? ಅವರಿಬ್ಬರಿಗೂ ಅವನೇ ಏಜೆಂಟ್! ಕಾರಣ ಇಷ್ಟು ಅಗ್ಗದ್ದಾದರೂ ಜೋಡಣೆ ಬಂಗಾರದಂಥದು. ಬಾಯ್ಲ್ ಆ ಜೀವಿಯಾದ, ಫೆಲ್ಡ್‌ಮನ್ ಗೂನುಬೆನ್ನಿನ ಸಹಾಯಕ ಈಗೋರ್ ಆದ. ಫೆಲ್ಡ್‌ಮನ್‌ನ ಹೊರಚಾಚಿದ ಕಣ್ಣುಗಳು ಮೇಕಪ್ಪಿನವಲ್ಲ. ಥೈರಾಯ್ಡ್ ಗ್ರಂಥಿಯ ಕಾಯಿಲೆಯಿಂದ ಆದದ್ದು. ಹುಟ್ಟಿಸಿದ ಕಾಯಿಲೆಯನ್ನೇ ಹೊಟ್ಟೆಪಾಡಿಗೆ ದುಡಿಸಿಕೊಂಡ ಗಟ್ಟಿಗ.

ನಿರ್ದೇಶನಕ್ಕೆ ಮೆಲ್ ಬ್ರೂಕ್ಸ್ ಒಪ್ಪಿದ. ವೈಲ್ಡರ್ ಹಾಕಿದ ಷರತ್ತು, ನೀನು ಇದರಲ್ಲಿ ನಟಿಸಕೂಡದು. ಬ್ರೂಕ್ಸ್ ತೆರೆಯ ಮೇಲೆ ಬಂದು ಪ್ರೇಕ್ಷಕರತ್ತ ಕಣ್ಣು ಹೊಡೆದರೆ ಕಥೆಯ ಮೇಲಿನ ನಂಬಿಕೆ ಹೋಗುತ್ತದೆ ಎಂಬ ಅಂಜಿಕೆ. ಬ್ರೂಕ್ಸ್ ಹಾಕಿದ ಷರತ್ತು ನಿರ್ಮಾಣ ಸಂಸ್ಥೆಗೆ: ಚಿತ್ರ ಕಪ್ಪು-ಬಿಳುಪಿನಲ್ಲೇ ಆಗಬೇಕು. 1970ರ ದಶಕದಲ್ಲಿ ಇದು ಹುಚ್ಚಾಟವೇ. ಕೊಲಂಬಿಯಾ ಸಂಸ್ಥೆ ಒಪ್ಪಲಿಲ್ಲ, ಮಾತು ಮುರಿಯಿತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಅಲನ್ ಲ್ಯಾಡ್ ಜೂನಿಯರ್ ಒಪ್ಪಿದ. ಛಾಯಾಗ್ರಾಹಕ ಜೆರಾಲ್ಡ್ ಹಿರ್ಷ್‌ಫೆಲ್ಡ್ 1931ರ ಚಿತ್ರದ ಬೆಳಕು, ನೆರಳುಗಳನ್ನು ಮತ್ತೆ ತಂದ. ವಿಲಿಯಂ ಟಟಲ್ ಬಾಯ್ಲ್‌ನ ಕುತ್ತಿಗೆಗೆ ಹಳೆಯ ಬೋಲ್ಟುಗಳ ಬದಲು ಒಂದು ಜಿಪ್ ಹಾಕಿದ! ಜಾನ್ ಮಾರಿಸ್ ಪಿಟೀಲಿನಲ್ಲಿ ಒಂದು ಜೋಗುಳದಂಥ ರಾಗ ಕಟ್ಟಿದ. ನಗೆಯ ಚಿತ್ರವೆಂದು ಅವನು ನಗೆಯ ಸಂಗೀತ ಕೊಡಲಿಲ್ಲ, ಕಣ್ಣು ತೇವವಾಗುವಂಥದ್ದು ಕೊಟ್ಟ. ಅಣಕು ಮಾಡುವವನಿಗೆ ಮೂಲದ ಮೇಲೆ ಭಕ್ತಿಯಿಲ್ಲದಿದ್ದರೆ ಅದು ಬರೀ ಕೀಟಲೆಯಾಗುತ್ತದೆ. ಈ ತಂಡಕ್ಕೆ ಭಕ್ತಿಯಿತ್ತು.

ಆ ಭಕ್ತಿಯೇ ಅವರನ್ನು ಮೂಲ ಯಂತ್ರಗಳ ಬಳಿಗೆ ಕರೆದೊಯ್ದಿತು. ಸ್ಟ್ರಿಕ್‌ಫೇಡನ್ ಹತ್ತಿರದಲ್ಲೇ ಇದ್ದಾನೆ, ಯಂತ್ರಗಳು ಗ್ಯಾರೇಜಿನಲ್ಲಿವೆ ಎಂದು ಬ್ರೂಕ್ಸ್‌ಗೆ ತಿಳಿಯಿತು. ನಕಲು ಮಾಡಿಸಬಹುದಿತ್ತು, ಖಾಲಿ ಡಬ್ಬಕ್ಕೆ ಬಣ್ಣ ಹೊಡೆದಿದ್ದರೂ ನಡೆಯುತ್ತಿತ್ತು. ಅವನು ಮುದುಕನ ಮನೆ ಬಾಗಿಲಿಗೆ ಹೋದ. ನಲವತ್ತು ವರ್ಷ ದಾಟಿದ ಆ ಸುರುಳಿಗಳು, ಚಕ್ರಗಳು ಮತ್ತೆ ಸ್ಟುಡಿಯೋ ಸೇರಿ ಕಿಡಿ ಉಗುಳಿದವು. ಯಂತ್ರ ಬಾಡಿಗೆಗೆ ತರುವುದು ಸಿನಿಮಾದಲ್ಲಿ ದೊಡ್ಡ ಸಂಗತಿಯಲ್ಲ. ದೊಡ್ಡದು ಇನ್ನೊಂದಿದೆ. ಅವನ ಯಂತ್ರಗಳಿಗಾಗಿ ಪರದೆಯ ಮೇಲೆ ಅವನ ಹೆಸರನ್ನೂ ಹಾಕಿದರು. 1931ರಲ್ಲಿ ಬರಬೇಕಿದ್ದ ಹೆಸರು, 43 ವರ್ಷ ತಡವಾಗಿ 1974ರಲ್ಲಿ ಬಂತು. ಆಗ ಅವನಿಗೆ ವಯಸ್ಸು 78.

ಚಿತ್ರೀಕರಣದ ಕಥೆಗಳು ಇನ್ನೂ ಬಹಳ. ನಕ್ಕು ಧ್ವನಿಮುದ್ರಣ ಕೆಡಿಸಬಾರದೆಂದು ಬ್ರೂಕ್ಸ್ ಕೆಲಸಗಾರರಿಗೆಲ್ಲ ಬಿಳಿ ಕರವಸ್ತ್ರ ಹಂಚಿದ್ದ. ನಗೆ ಬಂದರೆ ಬಾಯಿಗೆ ತುರುಕಿಕೊಳ್ಳಬೇಕು. ತಿರುಗಿ ನೋಡಿದರೆ ಎಲ್ಲರ ಬಾಯಲ್ಲೂ ಬಿಳಿ ಬಟ್ಟೆ! ಫೆಲ್ಡ್‌ಮನ್ ತನ್ನ ಗೂನನ್ನು ಯಾರಿಗೂ ಹೇಳದೆ ಒಂದು ದಿನ ಎಡಕ್ಕೆ, ಇನ್ನೊಂದು ದಿನ ಬಲಕ್ಕೆ ಸರಿಸುತ್ತಿದ್ದ. ಕೆಲವು ದಿನ ಕಳೆದ ಮೇಲೆ ಯಾರೋ ಗಮನಿಸಿದರು. ಗಮನಿಸಿದ್ದೇ ತಡ, ಅದು ಕಥೆಗೇ ಸೇರಿತು. ಜರ್ಮನ್ ಉಚ್ಚಾರಣೆ ಬಂದರೆ ಪಾತ್ರ ಕೊಡುತ್ತೇನೆ ಎಂದು ಟೆರಿ ಗಾರ್‌ಗೆ ಬ್ರೂಕ್ಸ್ ಹೇಳಿದಾಗ, ಅವಳು ಅದನ್ನು ಕಲಿತದ್ದು ಗಾಯಕಿ ಶೇರ್‌ಳ ವಿಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ಹೆಂಗಸಿನ ಮಾತು ಕೇಳಿ. ನೋಡಿ, ಅಲ್ಲೂ ತೆರೆಯ ಹಿಂದೆ ಒಬ್ಬಳು ಗುರು.

ಒಂದು ಜಗಳವನ್ನಂತೂ ಹೇಳಲೇಬೇಕು. ವಿಜ್ಞಾನಿ ಮತ್ತು ಆ ಜೀವಿ ಇಬ್ಬರೂ ಸೂಟು, ಉದ್ದ ಟೋಪಿ ತೊಟ್ಟು ಸಭೆಯ ಮುಂದೆ ಹಾಡಿ ಕುಣಿಯುವ ದೃಶ್ಯವೊಂದನ್ನು ವೈಲ್ಡರ್ ಬರೆದಿದ್ದ. ಇದು ಅತಿಯಾಯಿತು, ತೆಗೆ ಎಂದ ಬ್ರೂಕ್ಸ್. ವೈಲ್ಡರ್ ಕೆಂಪಗಾಗಿ ವಾದಿಸಿದ. ಸುಮಾರು ಹೊತ್ತು ಕೇಳಿಸಿಕೊಂಡ ಬ್ರೂಕ್ಸ್ ಥಟ್ಟನೆ, ಸರಿ, ಇರಲಿ ಎಂದುಬಿಟ್ಟ. ನೀನು ಇದಕ್ಕಾಗಿ ಎಷ್ಟು ಹೋರಾಡುತ್ತೀ ಎಂದು ನೋಡಬೇಕಿತ್ತು, ಸುಲಭವಾಗಿ ಬಿಟ್ಟುಕೊಟ್ಟಿದ್ದರೆ ಅದು ಬೇಡವಾದದ್ದೆಂದೇ ಅರ್ಥ, ಎಂಬುದು ಅವನ ಲೆಕ್ಕ. ಚಿತ್ರ ನೋಡಿದವರು ಇವತ್ತಿಗೂ ಮೊದಲು ನೆನೆಯುವುದು ಆ ಕುಣಿತವನ್ನೇ. ಪರೀಕ್ಷಕನೆಂದರೆ ಹೀಗಿರಬೇಕು.

ಇದೇ ಚಿತ್ರದಲ್ಲಿ ತನ್ನ ಹೆಸರೇ ಬೇಡವೆಂಬಂತೆ ಇದ್ದವನೂ ಒಬ್ಬನಿದ್ದ. ಕುರುಡ ಸನ್ಯಾಸಿಯೊಬ್ಬ ಆ ಜೀವಿಯನ್ನು ಪ್ರೀತಿಯಿಂದ ಮನೆಗೆ ಕರೆದು, ಬಿಸಿ ಸಾರನ್ನು ತಟ್ಟೆಗೆ ಹಾಕುವ ಬದಲು ಅದರ ತೊಡೆಯ ಮೇಲೆ ಸುರಿಯುತ್ತಾನೆ. ಉದ್ದ ಗಡ್ಡದೊಳಗೆ ಅಡಗಿದ್ದವನು ಜೀನ್ ಹ್ಯಾಕ್‌ಮನ್. ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರಕ್ಕೆ ಆಸ್ಕರ್ ಪಡೆದಿದ್ದ ದೊಡ್ಡ ನಟ. ವೈಲ್ಡರನ ಜೊತೆ ಟೆನಿಸ್ ಆಡುತ್ತಾ ಚಿತ್ರದ ವಿಷಯ ತಿಳಿದು, ನಗೆಯ ಪಾತ್ರ ಮಾಡಬೇಕೆಂಬ ಆಸೆಗೆ ಕೇಳಿ ಪಡೆದದ್ದು ಇದು. ಚಿತ್ರ ಬಿಡುಗಡೆಯಾದಾಗ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ಎಷ್ಟೋ ಜನಕ್ಕೆ ಗುರುತೂ ಸಿಗಲಿಲ್ಲ. ಹೆಸರಿದ್ದವನು ಅದನ್ನು ಬಚ್ಚಿಟ್ಟು ಆಟವಾಡಬಹುದು. ಹೆಸರೇ ಬರದವನಿಗೆ ಆ ಸುಖವಿಲ್ಲ.

ಸುಮಾರು 28 ಲಕ್ಷ ಡಾಲರಿನಲ್ಲಿ ಮುಗಿದ ಚಿತ್ರ 1974ರ ಡಿಸೆಂಬರಿನಲ್ಲಿ ತೆರೆಕಂಡು, ಹಾಕಿದ್ದಕ್ಕೆ ಎಷ್ಟೋ ಪಟ್ಟು ದುಡ್ಡು ಮಾಡಿತು. ಚಿತ್ರಕಥೆಗೂ ಧ್ವನಿಗೂ ಆಸ್ಕರ್ ನಾಮಕರಣ ಸಿಕ್ಕಿತು, ಪ್ರಶಸ್ತಿ ಬರಲಿಲ್ಲ. 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಇದನ್ನು ಸೇರಿಸಿತು. ಫೆಲ್ಡ್‌ಮನ್ 1982ರಲ್ಲಿ, ಬಾಯ್ಲ್ 2006ರಲ್ಲಿ, ವೈಲ್ಡರ್ 2016ರಲ್ಲಿ, ಟೆರಿ ಗಾರ್ 2024ರಲ್ಲಿ, ಹ್ಯಾಕ್‌ಮನ್ 2025ರಲ್ಲಿ ತೀರಿಕೊಂಡರು.

ಸ್ಟ್ರಿಕ್‌ಫೇಡನ್ ಹೋದದ್ದು 1984ರಲ್ಲಿ, ಪರದೆಯ ಮೇಲೆ ಹೆಸರು ಬಂದು ಹತ್ತು ವರ್ಷವಾಗುವ ಹೊತ್ತಿಗೆ. ದಿನ ಫೆಬ್ರವರಿ 29. ಅವನ ಪುಣ್ಯತಿಥಿಯೂ ನಾಲ್ಕು ವರ್ಷಕ್ಕೊಮ್ಮೆಯೇ ಬರುತ್ತದೆ.